ರಿಪೇರಿ ಅಕ್ಕ ಮತ್ತು ಕಾವುಪೆಟ್ಟಿಗೆ

ರಿಪೇರಿ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಸಂಶೋಧನಾಲಯಕ್ಕೆ ಹೊಸದಾಗಿ ಸೇರಿದವರಿಗೂ ಮೊದಲ ದಿನವೇ ಹೇಳಿಕೊಡುತ್ತಿದ್ದ ಸಂಗತಿಗಳಲ್ಲಿ ಇದೂ ಒಂದು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಕಣ್ಣಿಗೆ ಆಸಿಡ್ ಸಿಡಿದರೆ ಯಾವ ನಲ್ಲಿಗೆ ಓಡಬೇಕು, ರಿಪೇರಿ ಅಕ್ಕನ ಮುಂದೆ ಯಾವ ಮಾತು ಆಡಬಾರದು. ಆಡಬಾರದ ಮಾತು ಒಂದೇ: ನಾನೇನೂ ಮಾಡಲಿಲ್ಲ, ಅದೇ ಕೆಟ್ಟುಹೋಯಿತು. ಅಷ್ಟು ಅಂದರೆ ಮುಗಿಯಿತು. “ತಾನಾಗೇ ಕೆಡೋಕೆ ಅದೇನು ಹಾಲಾ?” ಎಂದು ಶುರುವಾದರೆ, ಎದುರಿಗೆ ನಿಂತವನು ಎಂಥ ದೊಡ್ಡ ಪದವಿಯವನೇ ಆಗಿರಲಿ, ಬೆವರಿಳಿಸಿಯೇ ಕಳಿಸುತ್ತಿದ್ದಳು.

ಎಲ್ಲರೂ ಅದನ್ನು ಸಹಿಸಿಕೊಂಡಿದ್ದರು, ಏಕೆಂದರೆ ಅವಳಿಲ್ಲದೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಎರಡನೇ ಮಹಡಿಯ ಯಂತ್ರಗಳನ್ನು ನಾಲ್ಕು ಗುಂಪುಗಳು ಹಂಚಿಕೊಂಡು ಬಳಸುತ್ತಿದ್ದವು. ಗುಂಪುಗಳಿಗೆ ಉದ್ದುದ್ದ ಹೆಸರುಗಳಿದ್ದವು, ಆದರೆ ಅವಳ ಬಾಯಲ್ಲಿ ಅವು ಗಡ್ಡೆ ಗುಂಪು, ಮೂಳೆ ಗುಂಪು, ಚರ್ಮದ ಗುಂಪು ಮತ್ತು ನರದ ಗುಂಪು. ಹಂಚಿಕೊಂಡ ಯಂತ್ರದ ಪಾಡು ನಿಮಗೆ ಗೊತ್ತೇ ಇದೆ. ಬಳಸುವಾಗ ಅದು ಎಲ್ಲರದು, ಒರೆಸುವಾಗ ಯಾರದೂ ಅಲ್ಲ. ಗರಗರ ತಿರುಗುವ ಸೆಂಟ್ರಿಫ್ಯೂಜ್ ನಡುಗಲು ಶುರುಮಾಡಿದರೂ, ಫ್ರೀಜರ್‌ನ ಬಾಗಿಲು ಹಿಮ ಕಟ್ಟಿ ಮುಚ್ಚದೆ ಹೋದರೂ, ಪಂಪು ಎಣ್ಣೆ ಕಾರಿದರೂ ಕೂಗು ಬರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಅವಳ ಕೋಣೆಗೆ. ಅಲ್ಲಿ ಸತ್ತ ಪಂಪುಗಳು ಕಪಾಟಿನ ತುಂಬ ಸಾಲಾಗಿ ಕೂತಿದ್ದವು. ಯಾವುದಾದರೂ ಬದುಕಿರುವ ಪಂಪಿಗೆ ಕಾಯಿಲೆ ಬಂದರೆ ಇವುಗಳ ಹೊಟ್ಟೆಯಿಂದ ಒಂದು ಭಾಗ ತೆಗೆದು ಅದಕ್ಕೆ ಹಾಕುತ್ತಿದ್ದಳು. ಮೇಜಿನ ಮೇಲೆ ಬೆಸುಗೆಯ ವಾಸನೆ, ಗೋಡೆಯ ಮೇಲೆ ಅಳತೆ ಪ್ರಕಾರ ತೂಗುಹಾಕಿದ ಸ್ಪ್ಯಾನರ್‌ಗಳು. ಒಂದು ಸ್ಪ್ಯಾನರ್ ಜಾಗ ತಪ್ಪಿದರೂ ಅವತ್ತು ಆ ದಾರಿಯಲ್ಲಿ ಹೋದವರಿಗೆಲ್ಲ ಗ್ರಹಚಾರ.

ಮನೆಯಲ್ಲಿ ಮಾತ್ರ ಇವಳ ಆಟ ನಡೆಯುತ್ತಿರಲಿಲ್ಲ. ಗಂಡ ಟೈಲರ್. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವನ ಅಂಗಡಿ. ಅವನ ಹೊಲಿಗೆ ಯಂತ್ರವನ್ನು ಇವಳು ಮುಟ್ಟುವ ಹಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ದಾರದ ಬಿಗಿ ಸರಿಯಿಲ್ಲವೆಂದು ಇವಳು ಆ ಪುಟ್ಟ ತಿರುಪನ್ನು ಒಂಚೂರು ತಿರುಗಿಸಿದ್ದಳು. ಅವನು ಗೊತ್ತಿಲ್ಲದೆ ಅದನ್ನು ಹಿಂದಕ್ಕೆ ತಿರುಗಿಸಿದ. ಇವಳು ಮತ್ತೆ ಮುಂದಕ್ಕೆ ತಿರುಗಿಸಿದಳು. ಗಿರಾಕಿಗಳ ಬಟ್ಟೆಯೆಲ್ಲ ಸುಕ್ಕುಸುಕ್ಕಾಗಿ ಬಂದು, ಕೊನೆಗೆ ವಿಷಯ ತಿಳಿದಾಗ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಂದಿನಿಂದ ಅವಳಿಗೆ ಆ ಕುರ್ಚಿಯ ಹತ್ತಿರ ಹೋಗಲು ಪರವಾನಗಿ ಇಲ್ಲ. ಅತ್ತೆಯ ಮಿಕ್ಸಿ ಕೆಟ್ಟು ಯಾವ ಕಾಲವಾಯಿತೋ, ಅದನ್ನು ನೋಡಲು ಮಾತ್ರ ಇವಳಿಗೆ ಪುರುಸೊತ್ತಿಲ್ಲ. “ಊರಿನ ಮೆಷಿನ್ನಿಗೆಲ್ಲ ನೀನು ಬೇಕು, ನನ್ನ ಮಿಕ್ಸಿ ಮಾತ್ರ ಅನಾಥ” ಎಂದು ಅತ್ತೆ ರುಬ್ಬುವ ಕಲ್ಲಿನ ಮುಂದೆ ಕೂತು ಗೊಣಗುತ್ತಿದ್ದರು.

ಈಗ ಕಾವುಪೆಟ್ಟಿಗೆಯ ವಿಷಯಕ್ಕೆ ಬರೋಣ. ಎರಡನೇ ಮಹಡಿಯ ತುದಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಒಂದು ಸಣ್ಣ ಕೋಣೆ, ಅದರಲ್ಲಿ ಒಂದು ಇನ್‌ಕ್ಯುಬೇಟರ್. ಜೀವಕೋಶಗಳನ್ನು ಗಾಜಿನಂಥ ತಟ್ಟೆಗಳಲ್ಲಿ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಲ್ಲಿ, ಅಂದರೆ ಮೂವತ್ತೇಳು ಡಿಗ್ರಿಯಲ್ಲಿ ಬೆಳೆಸುವ ಪೆಟ್ಟಿಗೆ ಅದು. ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಎಂದು ಅವಳು ಅದಕ್ಕೆ ಕಾವುಪೆಟ್ಟಿಗೆ ಎಂದು ಹೆಸರಿಟ್ಟಳು, ಎಲ್ಲರ ಬಾಯಲ್ಲೂ ಅದೇ ನಿಂತಿತು. ಗಡ್ಡೆ ಗುಂಪಿನವರ ಕೋಶಗಳು, ಮೂಳೆಯವರವು, ಚರ್ಮದವರವು ಎಲ್ಲ ಗಟ್ಟಿ ಪಿಂಡಗಳು. ಬಿಸಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಜಗ್ಗುವಂಥವಲ್ಲ. ನರದ ಗುಂಪಿನವು ಹಾಗಲ್ಲ, ಬಹಳ ನಾಜೂಕು.

ನರಕೋಶಗಳನ್ನು ಬೆಳೆಸುವ ಕೆಲಸ ಹೋದ ವರ್ಷ ಸೇರಿದ ಒಬ್ಬ ಹುಡುಗಿಯದು. ಮೆತ್ತಗೆ ಮಾತಾಡುವವಳು. ಮಾತಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ‘ಸಾರಿ’ ಅನ್ನುವ ಸ್ವಭಾವ. ಅವಳ ಕೋಶಗಳು ಸಾಯತೊಡಗಿದವು. ಮೊದಲ ಸಲ ಸತ್ತಾಗ ಹೊಸಬಳು, ಕಲಿಯುತ್ತಾಳೆ ಎಂದರು. ಎರಡನೇ ಸಲ ಸತ್ತಾಗ ಅವಳು ಹೆದರುತ್ತಲೇ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ಪೆಟ್ಟಿಗೆಯನ್ನು ಒಮ್ಮೆ ನೋಡುತ್ತೀರಾ ಎಂದು ಕೇಳಿದಳು. ರಿಪೇರಿ ಅಕ್ಕ ಥರ್ಮಾಮೀಟರ್ ತೆಗೆದುಕೊಂಡು ಹೋಗಿ ನೋಡಿ, ಸರಿ ಇದೆ, ನಿನ್ನ ಕೈ ನೋಡಿಕೋ ಎಂದು ಬಂದಳು. ಹುಡುಗಿ ಹೊಸ ತಟ್ಟೆಗಳನ್ನು ಇಟ್ಟಳು. ಅವೂ ಸತ್ತವು. ಮತ್ತೆ ಕರೆದಳು, ಮತ್ತೆ ಅದೇ ಉತ್ತರ, ಈ ಸಲ ಸ್ವಲ್ಪ ಗಟ್ಟಿ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಮತ್ತೆ ಸತ್ತವು.

ಹುಡುಗಿಯ ಗೈಡ್ ಮೇಡಂ ಕೆಟ್ಟವರೇನಲ್ಲ, ಆದರೆ ಲೆಕ್ಕಾಚಾರದ ಹೆಂಗಸು. ಪೆಟ್ಟಿಗೆ ಸರಿ ಇದೆ, ಬೇರೆಯವರ ಕೋಶಗಳು ಸುಖವಾಗಿವೆ, ಅಂದಮೇಲೆ ತಪ್ಪು ಕೈಯಲ್ಲೇ ಇರಬೇಕು ಎಂದು ಅವರು ತೀರ್ಮಾನಿಸಿದರು. ವಾರ ಮುಗಿಯುವಷ್ಟರಲ್ಲಿ ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದೆಂದೂ, ಹುಡುಗಿ ಬೇಕಿದ್ದರೆ ಬೇರೆ ಗೈಡನ್ನು ಹುಡುಕಿಕೊಳ್ಳಲಿ ಎಂದೂ ಹೇಳಿದರು. ಬೇರೆ ಗೈಡ್ ಅಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಕೈ ಸರಿಯಿಲ್ಲ ಎಂದು ಹೆಸರು ಬಿದ್ದವಳನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಓದು ಅಲ್ಲಿಗೆ ನಿಂತ ಹಾಗೆ.

ಹುಡುಗಿ ಮತ್ತೆ ಮೆಟ್ಟಿಲಿಳಿದು ಬಂದಳು. ಈ ಸಲ ಹೆದರಲಿಲ್ಲ, ‘ಸಾರಿ’ಯನ್ನೂ ಹೇಳಲಿಲ್ಲ. ಪೆಟ್ಟಿಗೆಯನ್ನು ಅಳೆಯುವುದು ಬೇಡ, ಒಂದು ದಿನ ಅದರ ಮುಂದೆ ಸುಮ್ಮನೆ ಕೂತು ನೋಡುತ್ತೀರಾ ಎಂದು ಕೇಳಿದಳು. ರಿಪೇರಿ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ ಎಂದು ಬಾಯಿ ತೆರೆದಳು. ಆದರೆ ಹುಡುಗಿಯ ಮುಖ ನೋಡಿ, ಯಾಕೋ, ಆಗಲಿ ಅಂದುಬಿಟ್ಟಳು. ಅದೂ ಹುಡುಗಿಯ ತಪ್ಪನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಸೋಣವೆಂದೇ ಹೊರತು ಕನಿಕರದಿಂದಲ್ಲ.

ಮಾರನೆಯ ಬೆಳಿಗ್ಗೆ ಒಂದು ಸ್ಟೂಲ್ ಎಳೆದುಕೊಂಡು ಪೆಟ್ಟಿಗೆಯ ಎದುರು ಕೂತಳು. ಜನ ಬಂದರು, ಬಾಗಿಲು ತೆಗೆದರು, ತಟ್ಟೆ ಇಟ್ಟರು, ಹೋದರು. ಅವಳನ್ನು ಕಂಡವರೆಲ್ಲ ಕಳ್ಳರ ಹಾಗೆ ಕಾಲು ಸಪ್ಪಳವಿಲ್ಲದೆ ಓಡಾಡಿದರು. ಹುಡುಗಿಯ ಕೆಲಸವನ್ನೂ ನೋಡಿದಳು. ತಪ್ಪು ಹುಡುಕಲೆಂದೇ ಕೂತವಳಿಗೂ ಅದರಲ್ಲಿ ಒಂದು ತಪ್ಪು ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಡ್ಡೆ ಗುಂಪಿನ ಮೀಸೆಯವನು ಬಂದ. ಬಹಳ ಮರ್ಯಾದಸ್ಥ, ಜೋರಾಗಿ ಕೆಮ್ಮಲೂ ನಾಚುವಂಥವನು. ಊಟವಾಯಿತೇ ಎಂದು ವಿಚಾರಿಸಿ, ಜೇಬಿನಿಂದ ಒಂದು ಥರ್ಮಾಮೀಟರ್ ತೆಗೆದು ಪೆಟ್ಟಿಗೆಯ ಒಳಗಿಟ್ಟು ಕಾದ. ಆಮೇಲೆ ಬಾಗಿಲ ಮೇಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಅಂಕಿ ಮಿಣುಕಿತು. ಇನ್ನೊಂದು ಗುಂಡಿಯನ್ನು ಟಕ್ ಟಕ್ ಎಂದು ಒತ್ತಿ ಬಿಟ್ಟ.

ರಿಪೇರಿ ಅಕ್ಕ ಮುಂದಕ್ಕೆ ಬಾಗಿದಳು. ಆ ಎರಡು ಗುಂಡಿ ಒತ್ತಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆಯ ಲೆಕ್ಕ ತಪ್ಪಿದಾಗ ಅದರ ಕಿವಿ ಹಿಂಡಿ, ನೀನು ಮೂವತ್ತೇಳು ಅಂದುಕೊಂಡಿರುವುದು ನಿಜವಾಗಿ ಮೂವತ್ತೇಳಲ್ಲ ಎಂದು ಹೇಳುವ ಗುಂಡಿಗಳು ಅವು. ಆಮೇಲೆ ಒಳಗಿನ ಬಿಸಿ ಬದಲಾಗುತ್ತದೆ, ಹೊರಗೆ ಕಾಣುವ ಅಂಕಿ ಮಾತ್ರ ಅದೇ ಮೂವತ್ತೇಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಮೀಸೆಯವನು ನಾಚಿಕೊಂಡು, ಆಗಾಗ ಇದು ಜಾಸ್ತಿ ಬಿಸಿಯಾಗುತ್ತದೆ, ನಿಮಗೆ ಯಾಕೆ ತೊಂದರೆ ಕೊಡುವುದೆಂದು ನಾನೇ ಸ್ವಲ್ಪ ಸರಿಮಾಡುತ್ತೇನೆ ಅಂದ. ಮೂಳೆಯವರೂ ಮಾಡುತ್ತಾರೆ, ಚರ್ಮದವರೂ ಮಾಡುತ್ತಾರೆ ಎಂಬ ಸಮಾಚಾರವನ್ನೂ ಅಷ್ಟೇ ವಿನಯದಿಂದ ಸೇರಿಸಿದ. ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿತ್ತು, ಯಾರೂ ಅವಳಿಗೆ ಹೇಳಿರಲಿಲ್ಲ. ಬೈಗುಳ ತಿನ್ನಲು ಯಾರಿಗೆ ಇಷ್ಟ?

ಅವಳಿಗೆ ತಟ್ಟನೆ ಗಂಡನ ಹೊಲಿಗೆ ಯಂತ್ರದ ತಿರುಪು ನೆನಪಾಯಿತು. ಒಬ್ಬ ಏರಿಸುವುದು, ಇನ್ನೊಬ್ಬ ಇಳಿಸುವುದು. ಪೆಟ್ಟಿಗೆ ಕೆಟ್ಟಿರಲೇ ಇಲ್ಲ, ಆಳಿಗೊಂದರಂತೆ ರಿಪೇರಿ ಮಾಡಿ ಮಾಡಿ ಅದನ್ನು ಹಾಳುಗೆಡವಿದ್ದರು. ಅವಳು ಸ್ಟೂಲ್ ಬಿಟ್ಟು ಎದ್ದವಳೇ ಕಾರಿಡಾರಿನುದ್ದಕ್ಕೂ ಬಾಗಿಲು ಬಡಿದು ಎಲ್ಲ ಗುಂಪಿನವರನ್ನೂ ಹೊರಗೆ ಕರೆದಳು. ಬರುವಾಗ ತಮ್ಮ ತಮ್ಮ ಥರ್ಮಾಮೀಟರ್ ತರಬೇಕೆಂದು ಅಪ್ಪಣೆಯಾಯಿತು. ಒಂದು ಅಗಲವಾದ ಬೀಕರಿಗೆ ಪುಡಿ ಐಸು ತುಂಬಿ, ಸ್ವಲ್ಪ ನೀರು ಹೊಯ್ದು ಮೇಜಿನ ಮೇಲೆ ಕುಕ್ಕಿದಳು. ಕರಗುವ ಐಸು ಸೊನ್ನೆ ಡಿಗ್ರಿ. ಅದಕ್ಕೆ ಯಾರ ಮರ್ಜಿಯೂ ಇಲ್ಲ. ಸೊನ್ನೆ ತೋರಿಸದ ಥರ್ಮಾಮೀಟರ್ ಯಾರದೋ ಅವರು ಇನ್ನು ಮೇಲೆ ಗುಂಡಿ ಒತ್ತುವುದಿರಲಿ, ಪೆಟ್ಟಿಗೆಯ ಕಡೆ ತಿರುಗಿಯೂ ನೋಡಬಾರದು ಎಂದು ಸಾರಿದಳು.

ಮೀಸೆಯವನದು ಅರ್ಧ ಡಿಗ್ರಿ ಮೇಲೆ. ಮೂಳೆಯವರದು ಒಂಚೂರು ಕೆಳಗೆ. ಚರ್ಮದವರದು ಇನ್ನೊಂಚೂರು ಮೇಲೆ. ಒಂದೊಂದನ್ನೂ ಎತ್ತಿ ಹಿಡಿದು ಗಟ್ಟಿಯಾಗಿ ಓದಿ, ಓದಿದ ಮೇಲೆ ಒಂದೊಂದು ಚುಚ್ಚುಮಾತು ಸೇರಿಸಿ, ಎಲ್ಲರ ಮುಖದ ನೀರಿಳಿಸಿದಳು. ನರದ ಗುಂಪಿನ ಹುಡುಗಿ ಬರಿಗೈಯಲ್ಲಿ ನಿಂತಿದ್ದಳು. ಅವಳ ಹತ್ತಿರ ಥರ್ಮಾಮೀಟರೇ ಇರಲಿಲ್ಲ. ರಿಪೇರಿ ಅಕ್ಕ ನೋಡಿದ್ದಾರಲ್ಲ, ಇನ್ನೇಕೆ ಎಂದು ಅವಳು ಯಾವತ್ತೂ ಇಟ್ಟುಕೊಂಡಿರಲಿಲ್ಲ.

ಕೊನೆಗೆ ರಿಪೇರಿ ಅಕ್ಕ ತನ್ನದನ್ನು ತಗಡಿನ ಕೊಳವೆಯಿಂದ ಹೊರತೆಗೆದು, ಮಂಗಳಾರತಿ ಎತ್ತುವಂತೆ ಎತ್ತಿ ತೋರಿಸಿ ಐಸಿನಲ್ಲಿ ನೆಟ್ಟಳು. ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಕೆಂಪು ಗೆರೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ನಿಂತಿತ್ತು.

ಐಸನ್ನು ಕಲಕಿ ಮತ್ತೆ ನೋಡಿದಳು. ಅಷ್ಟೇ. ಗಾಜಿನ ಕಡ್ಡಿಯ ಉದ್ದಕ್ಕೂ ಕಣ್ಣು ಹಾಯಿಸಿದಾಗ ತೀರ ಮೇಲಿನ ತುದಿಯಲ್ಲಿ ಕೂದಲೆಳೆಯಷ್ಟು ಕೆಂಪು ಕಂಡಿತು. ಯಾವತ್ತೋ ಪೆಟ್ಟು ಬಿದ್ದು ಗೆರೆ ತುಂಡಾಗಿ, ಒಂದು ಚೂರು ಮೇಲೆ ಹೋಗಿ ಅಂಟಿಕೊಂಡಿತ್ತು. ಅಷ್ಟರಮಟ್ಟಿಗೆ ಕೆಳಗಿನ ಗೆರೆ ಗಿಡ್ಡವಾಗಿತ್ತು. ಗೆರೆ ಮುಗಿಯುವ ಜಾಗವನ್ನು ಬಿಟ್ಟು ಅದರ ಮೇಲೆ ಏನಿದೆಯೆಂದು ಯಾರು ನೋಡುತ್ತಾರೆ? ಅವಳು ಅದನ್ನು ಒರೆಸಿ ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿದಳು. ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ಅವಳದು ಸೊನ್ನೆಯೇ ಇರುತ್ತದೆ ಎಂದು ಎಲ್ಲರೂ ತಿಳಿದುಕೊಂಡಿದ್ದರು. ತಿಳಿಯದವರಿಗೆ ಕೇಳುವ ಧೈರ್ಯವಿರಲಿಲ್ಲ.

ಗದ್ದಲ ಕೇಳಿ ಗೈಡ್ ಮೇಡಂ ಹೊರಗೆ ಬಂದರು. ಮೀಸೆಯವನು ನಡೆದದ್ದನ್ನೆಲ್ಲ ಹೇಳಿ, ಹುಡುಗಿಯ ತಪ್ಪಲ್ಲದೆ ಇರಬಹುದು, ನಾವೇ ಪೆಟ್ಟಿಗೆಯನ್ನು ಕೆಡಿಸಿದ್ದೇವೆ ಎಂದು ತಲೆ ತಗ್ಗಿಸಿದ. ಹುಡುಗಿಯ ಮುಖದಲ್ಲಿ ಜೀವ ಬಂದಂತಾಯಿತು. ಮೇಡಂ ಒಪ್ಪಲಿಲ್ಲ.

“ನೀವು ತಿರುಗಿಸಿದ್ದು ತಪ್ಪೇ. ಆದ್ರೆ ಮೊದಲೆರಡು ಸಲ ಬಿಡಿ, ಆಮೇಲೆ ಇವಳು ತಟ್ಟೆ ಇಟ್ಟಿದ್ದು ಪ್ರತಿ ಸಲಾನೂ ಅಕ್ಕ ಬಂದು ನೋಡಿ, ಸರಿ ಇದೆ ಅಂದ ಮೇಲೆ. ಮಾರನೇ ದಿನವೇ ಸತ್ತಿವೆ. ಸರಿ ಇರೋ ಪೆಟ್ಟಿಗೇಲೂ ಸತ್ವು ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ?”

ಲೆಕ್ಕ ಸರಿಯಾಗಿತ್ತು. ಅದರ ಒಂದು ಅಂಕಿ ಮಾತ್ರ ತಪ್ಪು, ಅದು ರಿಪೇರಿ ಅಕ್ಕನ ಕೈಯೊಳಗಿನ ಕೊಳವೆಯಲ್ಲಿತ್ತು. ಅವಳು ಪೆಟ್ಟಿಗೆಯನ್ನು ಬರಿದೆ ನೋಡಿ ಬಂದಿರಲಿಲ್ಲ. ಪ್ರತಿ ಸಲವೂ ತಣ್ಣಗಿದೆಯಲ್ಲ ಎಂದುಕೊಂಡು ಅದೇ ಗುಂಡಿಗಳನ್ನು ಒತ್ತಿ ಎರಡು ಡಿಗ್ರಿ ಏರಿಸಿ, ಆಮೇಲೆ ಸರಿ ಇದೆ ಎಂದು ಹೇಳಿದ್ದಳು. ಅದು ತನ್ನ ಕೆಲಸ, ಅದನ್ನು ಯಾರಿಗೂ ಹೇಳಬೇಕೆಂದು ಅವಳಿಗೆ ಅನಿಸಿರಲಿಲ್ಲ. ಬೇರೆ ಗುಂಪಿನವರು ತಮ್ಮ ಥರ್ಮಾಮೀಟರ್ ಇಟ್ಟು ಇಳಿಸುವಷ್ಟರಲ್ಲಿ ಆ ನಾಜೂಕು ಕೋಶಗಳು ಬೆಂದುಹೋಗಿರುತ್ತಿದ್ದವು. ಹುಡುಗಿ ಸಹಾಯ ಕೇಳಿಕೊಂಡು ಬಂದಾಗಲೆಲ್ಲ ಇವಳು ಹೋಗಿ ಅವಳ ಮುಂದಿನ ತಟ್ಟೆಗಳನ್ನು ಕೊಂದು ಬಂದಿದ್ದಳು. ಅವಳನ್ನು ಪೂರ್ತಿ ನಂಬಿದ್ದು ಆ ಮಹಡಿಯಲ್ಲಿ ಆ ಹುಡುಗಿ ಒಬ್ಬಳೇ, ಪೆಟ್ಟು ತಿಂದವಳೂ ಅವಳೊಬ್ಬಳೇ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು, ಚೆನ್ನಾಗಿಯೇ ಹೊಳೆಯಿತು. ಎಷ್ಟೋ ವರ್ಷಗಳಿಂದ ಕಟ್ಟಿಕೊಂಡ ಹೆಸರು, ಆ ಹೆಸರಿನ ಬಲದಿಂದಲೇ ಅಷ್ಟು ಜನರನ್ನು ಬೈದ ಬಾಯಿ. ಈಗ ತಾನೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೀಯಾಳಿಸಿದ ಬಾಯಿ. ಭಯವಾಯಿತು. ಹುಡುಗಿಯ ಮುಖ ಮತ್ತೆ ಬಾಡಿದ್ದನ್ನು ಕಂಡಳು.  ಕೊಳವೆಯ ಮುಚ್ಚಳ ತೆಗೆದು ಥರ್ಮಾಮೀಟರನ್ನು ಮತ್ತೆ ಐಸಿನಲ್ಲಿ ನೆಟ್ಟು, ಬೀಕರನ್ನು ಮೇಡಂ ಕಡೆಗೆ ತಳ್ಳಿದಳು.

“ಓದಿ ಮೇಡಂ. ನಾನು ಬರೀ ನೋಡಿ ಬರ್ಲಿಲ್ಲ. ಪ್ರತಿ ಸಲ ಇದನ್ನ ನಂಬ್ಕೊಂಡು ಎರಡು ಡಿಗ್ರಿ ಏರಿಸಿ ಬಂದೆ. ಹುಡುಗಿ ಕೈಯಲ್ಲಿ ಏನೂ ತಪ್ಪಿಲ್ಲ. ಸಾಯಿಸಿದ್ದು ನಾನು.”

ಮೇಡಂ ಬಗ್ಗಿ ಓದಿದರು. ಆಮೇಲೆ ಮೀಸೆಯವನೂ ಓದಿದ, ಓದಿ ಪಾಪ, ಐಸು ಸರಿಯಾಗಿ ತಗುಲಿಲ್ಲವೇನೋ ಎಂದು ಮರ್ಯಾದೆ ಉಳಿಸಲು ನೋಡಿದ. ಸರಿಯಾಗಿಯೇ ತಗುಲಿದೆ ಎಂದು ಅವನ ಮೇಲೂ ರೇಗಿ, ರೇಗಿದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡಳು. ಮೇಡಂ ನೆಟ್ಟಗಾದರು. ಹುಡುಗಿಯ ಕಡೆ ತಿರುಗಿ, ನಾಳೆಯಿಂದ ಹೊಸ ತಟ್ಟೆ ಶುರುಮಾಡು, ಕೆಲಸ ನಿನ್ನದೇ ಅಂದರು. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಹುಡುಗಿ ಹೋಗಲಿಲ್ಲ. ರಿಪೇರಿ ಅಕ್ಕ ಬೀಕರಿನ ಐಸನ್ನು ಸಿಂಕಿಗೆ ಸುರಿಯುವವರೆಗೂ ನಿಂತಿದ್ದು, ಅಂಗೈಗಳನ್ನು ಮುಂದೆ ಚಾಚಿದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಒಡೆದು ಕೆಂಪಗೆ ಗೀರು ಬಿದ್ದಿತ್ತು.

“ನೀವು ಸರಿ ಇದೆ ಅಂದಾಗೆಲ್ಲ ನಾನು ಮನೇಗೆ ಹೋಗಿ ಕೈ ತೊಳೀತಿದ್ದೆ. ಸೋಪು, ಸ್ಪಿರಿಟ್ಟು, ಮತ್ತೆ ಸೋಪು. ನನ್ನ ಕೈಯಲ್ಲೇ ಏನೋ ಇದೆ ಅಂತ ಅಮ್ಮನ ತಟ್ಟೇಗೆ ಬಡಿಸೋದನ್ನೂ ಬಿಟ್ಟಿದ್ದೆ.”

ಸಿಟ್ಟಿನಿಂದ ಹೇಳಿದ್ದರೆ ರಿಪೇರಿ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಡುಗಿ ತನ್ನ ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿ ಹೊರಟುಹೋದಳು. ಇಡೀ ಮಹಡಿಗೆ ಬುದ್ಧಿ ಹೇಳುವ ಹೆಂಗಸಿಗೆ ತಪ್ಪಾಯಿತು ಎಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಬಾಯಿಗೆ ಬರಲಿಲ್ಲ.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದ. ನಗುತ್ತಾನೆ, ಹಳೆಯ ತಿರುಪಿನ ಕತೆ ಎತ್ತುತ್ತಾನೆ ಎಂದುಕೊಂಡಿದ್ದಳು. ಅವನು ಅದನ್ನು ಎತ್ತಲಿಲ್ಲ. “ನೀನೇ ಬಾಯಿಬಿಟ್ಟು ಹೇಳಿದ್ಯಾ?” ಎಂದು ಕೇಳಿದ. ಹೂಂ ಅಂದಳು. “ಸರಿ, ಕೈಕಾಲು ತೊಳ್ಕೊಂಡು ಬಾ, ಊಟ ಮಾಡೋಣ” ಅಂದ. ಊಟ ಸೇರಲಿಲ್ಲ. ಅತ್ತೆ ಏನೂ ತಿಳಿಯದೆ, ಮೈಗೆ ಹುಷಾರಿಲ್ಲವೇನೇ ಎಂದು ಹಣೆ ಮುಟ್ಟಿ ನೋಡಿದರು.

ಕಚೇರಿಯಲ್ಲಿ ಒಂದು ಸಭೆ ನಡೆಯಿತು. ಎಲ್ಲರ ಥರ್ಮಾಮೀಟರ್‌ಗಳನ್ನೂ ಕಸಿದುಕೊಂಡು ಎಲ್ಲರಿಗೂ ಸೇರಿ ಒಂದನ್ನೇ ತರಿಸಿದರು. ಪೆಟ್ಟಿಗೆಯ ಗುಂಡಿಗಳಿಗೆ ಗುಟ್ಟಿನ ಸಂಖ್ಯೆಯ ಬೀಗ ಬಿತ್ತು. ಹೊರಗಿನಿಂದ ಬರುವ ಕಂಪನಿಯವನು ಆಗಾಗ ಬಂದು ಅಳೆದು ಹೋಗುತ್ತಾನೆ, ಸಂಖ್ಯೆ ಅವನಿಗೆ ಮಾತ್ರ ಗೊತ್ತು. ರಿಪೇರಿ ಅಕ್ಕನಿಗೂ ಹೇಳುವುದು ಬೇಡವೆಂದು ತೀರ್ಮಾನಿಸಿದವರಲ್ಲಿ ಅವಳೂ ಒಬ್ಬಳು, ಕೈ ಎತ್ತಿ ಒಪ್ಪಿಗೆ ಕೊಟ್ಟಳು. ಒಪ್ಪಿಗೆ ಕೊಟ್ಟರೂ ಮನಸ್ಸಿಗೆ ಚುರುಕ್ ಅಂದೇ ಅಂದಿತು. ಆ ಕೋಣೆಯ ಮುಂದೆ ಹಾಯುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುವಳು. ಹುಡುಗಿ ಎದುರಾದರೆ ಇಬ್ಬರೂ ತಲೆಯಾಡಿಸುವರು, ಅಷ್ಟೇ. ಬೈಗುಳ ಮಾತ್ರ ಕಡಿಮೆಯಾಯಿತು. ಬಿಟ್ಟುಬಿಟ್ಟಳು ಎಂದರೆ ಸುಳ್ಳಾಗುತ್ತದೆ. ನಾನೇನೂ ಮಾಡಲಿಲ್ಲ ಎಂದು ಯಾರಾದರೂ ಬಂದರೆ ಬಾಯಿ ತೆರೆದು, ಗಂಟಲವರೆಗೆ ಬಂದದ್ದನ್ನು ನುಂಗಿ, ಆಮೇಲೆ ಏನಾಯಿತು ಹೇಳು ಎಂದು ಕೇಳುವಷ್ಟಾದರೂ ಕಲಿತಳು.

ಒಂದು ದಿನ ಮಧ್ಯಾಹ್ನ ಹುಡುಗಿ ಮೆಟ್ಟಿಲಿಳಿದು ಬಂದಳು. ಮೈಕ್ರೋಸ್ಕೋಪಿನ ಹತ್ತಿರ ಸ್ವಲ್ಪ ಬರಬೇಕಂತೆ. ರಿಪೇರಿ ಅಕ್ಕ ಸ್ಕ್ರೂಡ್ರೈವರ್ ಜೇಬಿಗಿಳಿಸಿ, ಬಲ್ಬ್ ಹೋಗಿರಬೇಕು ಎಂದು ಒಂದು ಹೊಸ ಬಲ್ಬನ್ನೂ ಹಿಡಿದುಕೊಂಡು ಹಿಂದೆಯೇ ಹೋದಳು. ಆ ಮೈಕ್ರೋಸ್ಕೋಪನ್ನು ಅವಳು ಬಿಚ್ಚಿ ಜೋಡಿಸಿದ್ದಕ್ಕೆ ಲೆಕ್ಕವಿಲ್ಲ. ಬೆಳಕು ಸರಿಯಿದೆಯೇ, ಗಾಜಿನ ಮೇಲೆ ಧೂಳಿದೆಯೇ ಎಂದು ಅದರೊಳಗೆ ಎಷ್ಟೋ ಸಲ ಇಣುಕಿದ್ದಳು. ಬಲ್ಬ್ ಉರಿಯುತ್ತಲೇ ಇತ್ತು. ಏನಾಗಿದೆ ಎಂದು ಕೇಳಿದಳು. ಏನೂ ಆಗಿಲ್ಲ, ನೋಡಿ ಎಂದು ಹುಡುಗಿ ಕುರ್ಚಿ ಬಿಟ್ಟುಕೊಟ್ಟಳು.

ಅವಳು ಕನ್ನಡಕ ತೆಗೆದು ಕಣ್ಣಿಟ್ಟಳು. ಕೈ ಅಭ್ಯಾಸಬಲದಿಂದ ಪಕ್ಕದ ತಿರುಪಿನ ಕಡೆ ಹೋಯಿತು.

“ಏನೂ ಮುಟ್ಬೇಡಿ ಅಕ್ಕ,” ಹುಡುಗಿ ಹೇಳಿದಳು. “ಸುಮ್ನೆ ನೋಡಿ.”

ಅವಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಎಲ್ಲ ಕಡೆಯೂ ಸಣ್ಣ ಸಣ್ಣ ಉಂಡೆಗಳು, ಒಂದೊಂದರಿಂದಲೂ ಎಳೆಗಳು ಹೊರಟು, ಕವಲೊಡೆದು, ಪಕ್ಕದ್ದರ ಎಳೆಯನ್ನು ಹೋಗಿ ಮುಟ್ಟಿದ್ದವು. ಅಷ್ಟು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದವಳು ಜೀವಂತ ಕೋಶವನ್ನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಹಾಗೆಯೇ ಕೂತಿದ್ದಳು. ಆಮೇಲೆ ತಲೆ ಎತ್ತದೆಯೇ ತಪ್ಪಾಯಿತು ಕಣಮ್ಮ ಎಂದಳು, ಹುಡುಗಿ ಇನ್ನೊಂದು ತಟ್ಟೆಯನ್ನು ತರಲು ಹೋದಳು.